ಡಬ್ಬವೋ, ಫಾರ್ಮೋ, ಚೀಟಿಯೋ?

"ತಿಳಿತೇನ್ರೋ?" ಅಂದರೆ "ತಿಳಿತ್ರೀ ಸರ್" ಅಂತ ಇಡೀ ಕ್ಲಾಸು ಒಂದೇ ರಾಗದಲ್ಲಿ ಹೇಳುತ್ತದೆ. ಮರುದಿನ ಟೆಸ್ಟ್ ಕೊಟ್ಟರೆ ಅರ್ಧ ಪೇಪರು ಖಾಲಿ. ನಾನು ಶಹಾಪುರ ಕಡೆ ಹತ್ತನೇ ತರಗತಿಗೆ ಗಣಿತ ಹೇಳುವವನು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆಗೆ ಬಂತು. ನನ್ನ ಪಾಠ ಎಲ್ಲಿ ತಪ್ಪುತ್ತಿದೆ ಅಂತ ಮಕ್ಕಳನ್ನೇ ಕೇಳೋಣ ಅನ್ನಿಸಿತು.

ಮೊದಲು ಡಬ್ಬ. ಬೂಟಿನ ಡಬ್ಬಕ್ಕೆ ಸೀಳು ಹಾಕಿ ಸ್ಟಾಫ್ ರೂಮಿನ ಬಾಗಿಲಲ್ಲಿ ಇಟ್ಟೆ. ಮೇಷ್ಟ್ರುಗಳ ಕಣ್ಣೆದುರು ಯಾವ ಹುಡುಗ ಚೀಟಿ ಹಾಕ್ತಾನೆ ಹೇಳಿ? ಎರಡು ವಾರಕ್ಕೆ ಐದು ಚೀಟಿ. ಮೂರರಲ್ಲಿ ಬಿಸಿಯೂಟದ ಸಾಂಬಾರು, ಒಂದರಲ್ಲಿ "ಆಟದ ಪೀರಿಯಡ್ ಜಾಸ್ತಿ ಮಾಡ್ರಿ", ಇನ್ನೊಂದು ಚಾಕಲೇಟ್ ಕಾಗದ.

ಆಮೇಲೆ ಗೂಗಲ್ ಫಾರ್ಮ್. ಲೆಕ್ಕ ಅದೇ ಮಾಡುತ್ತದೆ, ನೋಡೋಕೂ ಚೆಂದ. ಆದರೆ ಫೋನು ಅಪ್ಪನದು, ಅಪ್ಪ ಹೊಲದಲ್ಲಿ. ಗುಳೆ ಹೋದವರ ಮನೆಯ ಫೋನು ಬೆಂಗಳೂರಲ್ಲಿ. 42 ಮಕ್ಕಳಲ್ಲಿ ತುಂಬಿದ್ದು 11. ಒಂದರಲ್ಲಿ "ಸರ್ ಭಾಳ ಚಲೋ ಹೇಳ್ತಾರ, ನಮ್ಮ ಮಗ ಓದಂಗಿಲ್ಲ" ಅಂತಿತ್ತು. ಬರೆದವರು ಯಾರು ಅಂತ ಹೇಳಬೇಕಾಗಿಲ್ಲ.

ಕೊನೆಗೆ ಚೀಟಿ. ಪೀರಿಯಡ್ ಮುಗಿಯೋಕೆ ಮೂರು ನಿಮಿಷ ಇರುವಾಗ ಹಳೇ ನೋಟ್‌ಬುಕ್ಕಿನ ಕಾಲು ಹಾಳೆ, ಹೆಸರಿಲ್ಲ. "ಪಾಠ ಹೇಗಿತ್ತು?" ಅಂತ ಕೇಳಿದ ದಿನ ಎಲ್ಲರೂ "ಚಲೋ ಇತ್ತು". "ಇವತ್ತು ಯಾವ ಸಾಲಿನಲ್ಲಿ ಸಿಕ್ಕಿಬಿದ್ದಿರಿ?" ಅಂತ ಬದಲಿಸಿದೆ. ಸಮಾಂತರ ಶ್ರೇಢಿಯ (3, 5, 7 ಹೀಗೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ) ಪಾಠದ ದಿನ 17 ಚೀಟಿಗಳಲ್ಲಿ ಒಂದೇ ಮಾತು: ಎನ್‌ನೇ ಪದ ಕೇಳಿದ್ರೆ ಎನ್ ಮೈನಸ್ ಒಂದು ಯಾಕ್ರಿ? ವರ್ಷಗಟ್ಟಲೆ ಆ ಸೂತ್ರ ಬರೆದಿದ್ದೇನೆ, ಯಾರೂ ಕೇಳಿರಲಿಲ್ಲ. ಮರುದಿನ ಎಲ್ಲರನ್ನೂ ಬೇಲಿ ಹತ್ತಿರ ಕರೆದುಕೊಂಡು ಹೋದೆ. ಕಂಬ ಐದು, ನಡುವಿನ ಸಂದು ನಾಲ್ಕು. ಮೊದಲ ಕಂಬದಿಂದ ಐದನೆಯದಕ್ಕೆ ಹೋಗಲು ನಾಲ್ಕೇ ಸಲ ದಾಟಬೇಕು; ಹಾಗೇ ಐದನೇ ಪದಕ್ಕೂ ಅಂತರ ಕೂಡಿಸುವುದು ನಾಲ್ಕೇ ಸಲ. "ಓ, ಇಷ್ಟೇನಾ!" ಅಂದರು.

ಇನ್ನೊಂದು ಚೀಟಿ ಚುಚ್ಚಿತು: "ಪ್ರಶ್ನಿ ಕೇಳಿ ನೀವೇ ಉತ್ತರಾ ಹೇಳ್ತೀರಿ." ಸಿಟ್ಟು ಬಂತು, ಸುಳ್ಳು ಅನ್ನಿಸಿತು. ಆದರೆ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದು ನೋಡಿದ್ದರು. ಮೇಷ್ಟ್ರುಗಳು ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. ಮರುದಿನ ಮನಸ್ಸಲ್ಲೇ ಎಣಿಸುತ್ತಾ ನಿಂತೆ. ಮೂರು ಸೆಕೆಂಡ್ ಅಷ್ಟು ಉದ್ದ ಅಂತ ಗೊತ್ತಿರಲಿಲ್ಲ. ಕಿಟಕಿ ಬೆಂಚಿನ ಹುಡುಗಿ, ಜೂನ್‌ನಿಂದ ಒಂದು ಮಾತೂ ಆಡದವಳು, ಎದ್ದು ತಪ್ಪು ಉತ್ತರ ಹೇಳಿದಳು. ನನಗಂತೂ ಖುಷಿ.

ಚೀಟಿಗೂ ದೋಷ ಇದೆ. ಅಕ್ಷರ ನೋಡಿದರೆ ಯಾರದೆಂದು ನನಗೆ ಗೊತ್ತಾಗಿಬಿಡುತ್ತೆ. ಎಡಗೈಲಿ ಬರೀರಿ ಅಂದೆ, ಓದೋಕೇ ಆಗಲಿಲ್ಲ. ಬರೆಯೋಕೆ ಕಷ್ಟಪಡುವ ಆರೇಳು ಮಕ್ಕಳು ಈಗ ಗೆಳೆಯರ ಕೈಲಿ ಬರೆಸುತ್ತಾರೆ, ಇಲ್ಲವೇ ಪುಸ್ತಕದ ಆ ಸಾಲಿಗೆ ಪೆನ್ಸಿಲ್ ಗೆರೆ ಎಳೆದು ತೋರಿಸುತ್ತಾರೆ.

ವಾರಕ್ಕೆ ಎರಡೇ ದಿನ ಚೀಟಿ. ದಿನಾ ಕೇಳಿದರೆ ಮತ್ತೆ "ಏನಿಲ್ರಿ ಸರ್" ಶುರುವಾಗುತ್ತದೆ. ಬೂಟಿನ ಡಬ್ಬದಲ್ಲಿ ಈಗ ಚಾಕ್‌ಪೀಸ್ ಇಟ್ಟಿದ್ದೇನೆ.