‘ಬರೂ ವಾರ ಆಗತೈತ್ರಿ’: ಓಣಿಯ ಫೈಬರ್‌ ಜೊತೆ ಎರಡು ವರ್ಷ

ನಮ್ಮದು ಧಾರವಾಡದ ಸಪ್ತಾಪುರ. ಓಣಿಯ ಕೇಬಲ್‌ನವರು ಮನೆಗೆ ಇಂಟರ್ನೆಟ್ಟಿನ ಫೈಬರ್ ಎಳೆದು ಎರಡು ವರ್ಷವಾಯಿತು. 100 ಎಂಬಿಪಿಎಸ್ ಪ್ಲ್ಯಾನು, 599ರ ಮೇಲೆ ಶೇ 18 ಜಿಎಸ್‌ಟಿ ಸೇರಿ ತಿಂಗಳಿಗೆ 707 ರೂಪಾಯಿ. ಪಿಂಚಣಿ ಮನೆಗೆ ಇದು ಸಣ್ಣ ಖರ್ಚಲ್ಲ. ಹಗಲಿನ ಬಗ್ಗೆ ನನ್ನ ತಕರಾರಿಲ್ಲ, ನಾನು ಬರೆಯಲು ಕೂತದ್ದು ರಾತ್ರಿ ಎಂಟರಿಂದ ಹನ್ನೊಂದರ ಬಗ್ಗೆ.

ಬೆಳಗ್ಗೆ ಆರಕ್ಕೆ ಚಹಾ ಕುದಿಯಲು ಇಟ್ಟು ಸ್ಪೀಡ್ ಟೆಸ್ಟ್ ಒತ್ತುತ್ತೇನೆ: 96, ಪಿಂಗ್, ಅಂದರೆ ಸಿಗ್ನಲ್ ಹೋಗಿ ಬರುವ ಹೊತ್ತು, 8 ಮಿಲಿಸೆಕೆಂಡ್. ರಾತ್ರಿ ರೊಟ್ಟಿ ಬಡಿದು, ಕೈ ತೊಳೆದು ಮತ್ತೆ ಒತ್ತಿದರೆ 6, ಪಿಂಗ್ 190. ಎರಡನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಪೆನ್ಸಿಲಿನಿಂದ ಬರೆದಿಡುತ್ತೇನೆ. ನಮ್ಮ ಮನೆಯವರಿಗೆ ಇದೊಂದು ನಗೆಪಾಟಲು. ಆದರೆ ಪುಣೆಯಿಂದ ಮಗಳ ವಿಡಿಯೋ ಕಾಲ್ ಬರುವುದು ಒಂಬತ್ತಕ್ಕೇ. ಮೊಮ್ಮಗ ಬಾಯಿ ತೆರೆದವನು ಹಾಗೇ ನಿಂತುಬಿಡುತ್ತಾನೆ, ಅವನ ಮಾತೆಲ್ಲ ಆಮೇಲೆ ಗಡಗಡ ಒಟ್ಟಿಗೇ ಉದುರುತ್ತದೆ.

ಮೊದಮೊದಲು ತಪ್ಪು ನಮ್ಮದೇ ಇರಬೇಕು ಅಂದುಕೊಂಡೆ. ರೌಟರನ್ನು ತಿಜೋರಿ ಹಿಂದಿನಿಂದ ಈಚೆ ತಂದೆ. ವೈಫೈಯನ್ನು 2.4 ಬಿಟ್ಟು 5 ಗಿಗಾಹರ್ಟ್ಸ್‌ ಬ್ಯಾಂಡಿಗೆ ತಂದೆ. ಕೊನೆಗೆ ಲ್ಯಾಪ್‌ಟಾಪಿಗೆ ನೇರ ವೈರನ್ನೇ ಚುಚ್ಚಿದೆ. ಅದೇ 6.

ಕಂಪ್ಲೇಂಟಿಗೆ ಬಂದ ಲೈನಿನ ಹುಡುಗ ಎಳೆಯಲ್ಲಿ ಬರುವ ಬೆಳಕು ಅಳೆಯುವ ಮೀಟರ್ ಹಚ್ಚಿ ನೋಡಿದ. ಮೈನಸ್ 19 ಡಿಬಿಎಂ. “ಲೈಟ್ ಛಲೋ ಐತ್ರಿ ಅಮ್ಮಾರ. ಮ್ಯಾಲಿನ ಲಿಂಕ್ ಸಾಲವಲ್ದು. ಅಪ್‌ಗ್ರೇಡ್ ಬರೂ ವಾರ ಆಗತೈತ್ರಿ.” ಇದು ಹೋದ ವರ್ಷದ ಯುಗಾದಿಯ ಮಾತು. ಒಂದು ಎಳೆಯಲ್ಲಿ ಎರಡೂವರೆ ಗಿಗಾಬಿಟ್ ಬರುತ್ತದಂತೆ, ಅದನ್ನು 64 ಮನೆಗೆ ಹಂಚಿದರೂ ಎಲ್ಲರೂ ಒಟ್ಟಿಗೆ ಎಳೆದಾಗ ಮನೆಗೆ 39 ಸಿಗಬೇಕು. ಆರಕ್ಕೆ ಇಳಿಯುತ್ತದೆ ಅಂದರೆ ಇವರು ಮೇಲಿನಿಂದ ಕೊಳ್ಳುವ ಬ್ಯಾಂಡ್‌ವಿಡ್ತೇ ಕಡಿಮೆ, ಕೊಡುವ ಕನೆಕ್ಷನ್ ಜಾಸ್ತಿ. ಇಲ್ಲಿ ಎರಡು ಮನೆಗೊಂದು ಪಿಜಿ. ಕೋಚಿಂಗ್ ಕ್ಲಾಸ್ ಮುಗಿಸಿ ಹುಡುಗರು ರೂಮಿಗೆ ಬರುವುದೇ ಎಂಟಕ್ಕೆ.

ಕಾಯುವುದು ನಮ್ಮೂರಿಗೆ ಹೊಸದಲ್ಲ ಬಿಡಿ. 24×7 ನೀರು ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡಿಗೆ 2008ರಲ್ಲೇ ಬಂತು, ನಮ್ಮ ನಳಕ್ಕೆ ಇನ್ನೂ ವಾರಕ್ಕೊಮ್ಮೆ.

ಬಿಟ್ಟು ಬೇರೆ ಕಂಪನಿಗೆ ಹೋಗುವುದೆಂದೇ ತೀರ್ಮಾನಿಸಿದ್ದೆ. ಅಷ್ಟರಲ್ಲಿ ಜುಲೈ ಮಳೆಗೆ ಮೂಲೆಯ ಮರದ ಟೊಂಗೆ ಮುರಿದು ಲೈನಿನ ಮೇಲೆ ಬಿತ್ತು, ಡಬ್ಬಿಯಲ್ಲಿ ಕೆಂಪು ದೀಪ. ರಾತ್ರಿ ಒಂಬತ್ತೂವರೆಗೆ ಅದೇ ಹುಡುಗ ರೇನ್‌ಕೋಟ್ ಹಾಕಿಕೊಂಡು ಏಣಿ ಹೊತ್ತು ಬಂದ. ನಮ್ಮ ಕಟ್ಟೆಯ ಮೇಲೇ ಕೂತ, ನಾನು ಕೊಡೆ ಹಿಡಿದೆ. ಕೂದಲಿಗಿಂತ ಸ್ವಲ್ಪ ದಪ್ಪದ ಎಳೆಯ ಸಿಪ್ಪೆ ಸುಲಿದ, ಸ್ಪಿರಿಟಿನಲ್ಲಿ ಒರೆಸಿದ, ಟಕ್ ಅಂತ ಕತ್ತರಿಸಿ ಮಶೀನಿನಲ್ಲಿಟ್ಟ. ಪುಟ್ಟ ಪರದೆಯ ಮೇಲೆ ಎರಡು ತುದಿಗಳು ಎದುರುಬದುರು ಬಂದು ನಿಂತವು. ಒಂದು ಕಿಡಿ, ಅಷ್ಟೇ, ಬೆಸುಗೆ ಎಲ್ಲಿದೆಯೆಂದು ಕಣ್ಣಿಗೆ ಕಾಣಲಿಲ್ಲ. ಚಹಾ ಕುಡಿಯುತ್ತ ತಾನೇ ನಕ್ಕ: “ಜೋಡಿಸೇನಿ ಖರೆ, ಸ್ಲೋ ಅಂತೂ ಇರತೈತ್ರಿ.”

ಅವನ ಮುಖ ನೋಡಿ ಬಿಡಲಿಲ್ಲ. ಆದರೆ ಆರು ತಿಂಗಳ ಪ್ಲ್ಯಾನ್ ಕಟ್ಟುವುದನ್ನು ನಿಲ್ಲಿಸಿ ತಿಂಗಳದ್ದಷ್ಟೇ ಕಟ್ಟುತ್ತಿದ್ದೇನೆ.

ನಿನ್ನೆ ರಾತ್ರಿ ಒಂಬತ್ತಕ್ಕೆ ಒತ್ತಿದರೆ 74! ಮೊಮ್ಮಗ ಒಂದು ಪದ್ಯ ಪೂರ್ತಿ ಹೇಳಿದ. ಖುಷಿ ತಡೆಯದೆ ಹುಡುಗನಿಗೆ ಫೋನ್ ಹಚ್ಚಿದೆ: “ಅಪ್‌ಗ್ರೇಡ್ ಆತೇನಪಾ?”

“ಇಲ್ರಿ ಅಮ್ಮಾರ. ದೀಪಾವಳಿ ಸೂಟಿ, ಪಿಜಿ ಹುಡುಗ್ರೆಲ್ಲಾ ಊರಿಗೆ ಹೋಗ್ಯಾರ.”