ಮೀನಿನ ಲಾರಿಯ ವೈರಿಂಗ್: ಒಂದೇ ಮಳೆಗಾಲದಲ್ಲಿ ನಾಲ್ಕು ಬಗೆಯ ಜಾಯಿಂಟ್ ಹಾಕಿ ನೋಡಿದೆ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮಲ್ಪೆಯ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ನನ್ನ ಮಿನಿ ಲಾರಿಗೂ ಆಗ ಮೀನಿನ ಲೋಡ್ ಇಲ್ಲ. ಸಿಮೆಂಟು, ಹಂಚು, ಕೆಂಪುಕಲ್ಲು, ಸಿಕ್ಕಿದ ಬಾಡಿಗೆ ಹೊಡೆಯುವುದು. ಮಳೆ ಜೋರಾದ ದಿನ ಗಾಡಿ ಮನೆಯ ಅಂಗಳದಲ್ಲೇ. ವೈರಿಂಗ್ ನೋಡಲು ವರ್ಷದಲ್ಲಿ ಪುರುಸೊತ್ತು ಸಿಗುವುದು ಅದೊಂದೇ ಹೊತ್ತು.

ಮೂರು ಮಳೆಗಾಲ ಇದೇ ಲಾರಿಯ ಹಿಂದಿನ ಲೈಟುಗಳ ಜೊತೆ ಗುದ್ದಾಡಿದ್ದೇನೆ. ವೈರಿನ ಜಾಯಿಂಟಿಗೆ ಒಬ್ಬರು ಟೇಪ್ ಸಾಕು ಅನ್ನುತ್ತಾರೆ, ಇನ್ನೊಬ್ಬರು ಬೆಸುಗೆ ಹಾಕದೆ ಮುಗಿಯದು ಅನ್ನುತ್ತಾರೆ, ಮತ್ತೊಬ್ಬರು ಗ್ರೀಸ್ ತುಂಬಿಸಿ ಬಿಡಿ ಅನ್ನುತ್ತಾರೆ. ಎಲ್ಲರೂ ಅವರವರ ಗಾಡಿಯಲ್ಲಿ ಕಂಡದ್ದನ್ನೇ ಹೇಳುವುದು. ಆದರೆ ಒಬ್ಬರದು ಘಟ್ಟ ಹತ್ತಿ ಇಳಿಯುವ ಗಾಡಿ, ಇನ್ನೊಬ್ಬರದು ಊರೊಳಗಿನ ಹಾಲಿನ ಗಾಡಿ. ಮೀನಿನ ಗಾಡಿಯಲ್ಲಿ ಯಾವುದು ಬಾಳುತ್ತದೆ ಎಂದು ತಿಳಿಯಬೇಕಿತ್ತು. ಹಾಗಾಗಿ ಕಳೆದ ಮಳೆಗಾಲದಲ್ಲಿ ನಾಲ್ಕು ಬಗೆಯನ್ನೂ ಒಂದೇ ಲಾರಿಯ ಹಿಂಬದಿಯಲ್ಲಿ, ಒಂದೇ ಎತ್ತರದಲ್ಲಿ, ಒಂದೇ ರೀತಿ ಕೆಸರು ರಾಚುವ ಜಾಗದಲ್ಲಿ ಹಾಕಿದೆ.

ಗಾಡಿ ಆರು ಟಯರಿನದು, 12 ವೋಲ್ಟಿನದು, ವಯಸ್ಸು ಇಪ್ಪತ್ತು ದಾಟಿದೆ. ದೊಡ್ಡ ಲಾರಿಯವರದ್ದು 24 ವೋಲ್ಟು, ಅಂಕಿ ಬೇರೆಯಾದೀತು, ಜಾಯಿಂಟಿನ ಸಂಗತಿ ಒಂದೇ. ಎಡಗಡೆಯ ಬ್ರೇಕ್ ಲೈಟಿನ ವೈರನ್ನು ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿದೆ. ಎಡಗಡೆಯ ಇಂಡಿಕೇಟರಿಗೆ ಬೆಸುಗೆ ಹಾಕಿ ಮೇಲೆ ಸಾಧಾರಣ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ). ಬಲಗಡೆಯ ಬ್ರೇಕ್ ಲೈಟಿಗೆ ಕ್ರಿಂಪ್ ಮಾಡಿ, ಅಂದರೆ ಎರಡೂ ತುದಿಯನ್ನು ಲೋಹದ ಸಣ್ಣ ಕೊಳವೆಗೆ ತೂರಿಸಿ ಒತ್ತಿ, ಮೇಲೆ ಒಳಗೆ ಅಂಟು ಇರುವ ಸ್ಲೀವ್. ಬಲಗಡೆಯ ಇಂಡಿಕೇಟರಿಗೆ ಕಪ್ಲರ್ (ಬಿಚ್ಚಿ ಸಿಕ್ಕಿಸಬಹುದಾದ ಕನೆಕ್ಟರ್), ಅದರೊಳಗೆ ಸಿಲಿಕೋನ್ ಗ್ರೀಸ್. ಜೂನ್ ಕೊನೆಗೆ ಒಮ್ಮೆ, ಬೋಟು ಇಳಿಯುವ ಮುಂಚೆ ಒಮ್ಮೆ, ಸೆಪ್ಟೆಂಬರ್ ನಡುವಿಗೆ ಒಮ್ಮೆ ಮೀಟರ್ ಹಿಡಿದು ನೋಡಿದೆ. ಲೈಟ್ ಉರಿಯುತ್ತಿರುವಾಗಲೇ ಜಾಯಿಂಟಿನ ಆಚೆ ಈಚೆ ಮೀಟರಿನ ಎರಡು ಮುಳ್ಳು ಇಟ್ಟರೆ, ಆ ಜಾಯಿಂಟು ಎಷ್ಟು ವೋಲ್ಟು ತಿಂದುಹಾಕುತ್ತಿದೆ ಎಂದು ತೋರಿಸುತ್ತದೆ. ಲೈಟ್ ಆಫ್ ಇದ್ದಾಗ ನೋಡಿದರೆ ಹಾಳಾದ ಜಾಯಿಂಟು ಕೂಡ ಸರಿ ಇದ್ದ ಹಾಗೆಯೇ ಕಾಣುತ್ತದೆ; ಎಷ್ಟೋ ಮಂದಿ ಅಲ್ಲೇ ಏಮಾರುವುದು.

ಮೊದಲು ಟೇಪ್. ಜೂನ್ ಕೊನೆಗೆ ಲೈಟ್ ಉರಿಯುತ್ತಿತ್ತು, ಆದರೆ ಟೇಪ್ ಬಿಚ್ಚಿದಾಗ ಒಳಗಿಂದ ನೀರು ತೊಟ್ಟಿಕ್ಕಿತು, ತಾಮ್ರ ಕಪ್ಪಾಗಿತ್ತು. ಸಂತೆಕಟ್ಟೆಯ ಕಡೆ ಒಬ್ಬ ಹಿರಿಯ ಎಲೆಕ್ಟ್ರಿಷನ್ ಇದ್ದಾರೆ, ಅವರಿಗೆ ತೋರಿಸಿದೆ. ಟೇಪ್ ಸುತ್ತಿದ ರೀತಿ ನೋಡಿಯೇ ಅವರಿಗೆ ಗೊತ್ತಾಯಿತು. "ನೀವು ಮೇಲಿನಿಂದ ಕೆಳಗೆ ಸುತ್ತಿದ್ದಲ್ವಾ? ಮಾಡಿಗೆ ಹಂಚು ಹಾಕುವಾಗ ಎಲ್ಲಿಂದ ಶುರು ಮಾಡ್ತಾರೆ ಮಾರಾಯ್ರೆ? ಕೆಳಗಿನ ಸಾಲಿಂದ. ಇದೂ ಹಾಗೆಯೇ" ಅಂದರು. ಹೌದಲ್ಲ! ಕೆಳಗಿನಿಂದ ಸುತ್ತುತ್ತ ಮೇಲೆ ಹೋದರೆ ಪ್ರತಿ ಸುತ್ತೂ ಕೆಳಗಿನ ಸುತ್ತಿನ ಮೇಲೆ ಕೂರುತ್ತದೆ, ನೀರು ಜಾರಿ ಹೋಗುತ್ತದೆ. ಮೇಲಿನಿಂದ ಕೆಳಗೆ ಬಂದರೆ ಪ್ರತಿ ಸುತ್ತಿನ ಅಂಚೂ ನೀರಿಗೆ ಬಾಯಿ ತೆರೆದು ನಿಂತಿರುತ್ತದೆ. ಮಂಗಳೂರು ಹಂಚಿನ ಮಾಡಿನಡಿ ಹುಟ್ಟಿ ಬೆಳೆದವನಿಗೆ ಇದು ತೋಚಬೇಕಿತ್ತು. ವೈರನ್ನು ಉಜ್ಜಿ, ಕೆಳಗಿನಿಂದ ಮೇಲಕ್ಕೆ ಎಳೆದು ಬಿಗಿದು ಸುತ್ತಿದೆ. ಜುಲೈ ಪೂರ್ತಿ, ತುಳುವರ ಆಟಿ ತಿಂಗಳ ಆ ಹುಚ್ಚು ಮಳೆಯಲ್ಲೂ, ಅದು ಒಣಗಿಯೇ ಇತ್ತು.

ಆಗಸ್ಟಿನಲ್ಲಿ ಬೋಟು ಇಳಿದವು, ಮೀನಿನ ಲೋಡ್ ಶುರುವಾಯಿತು. ಸೆಪ್ಟೆಂಬರ್ ನಡುವಿಗೆ ಅದೇ ಟೇಪ್ ಜಾಯಿಂಟು 1.8 ವೋಲ್ಟು ತಿನ್ನುತ್ತಿತ್ತು. ಬಿಚ್ಚಿದರೆ ಹಸಿರು ಕಿಲುಬಿನ ಪುಡಿ, ಅದರ ನಡುವೆ ನಾಲ್ಕೈದು ಎಳೆ ಮಾತ್ರ ಉಳಿದಿತ್ತು. ಮಳೆ ಆಗ ಕಡಿಮೆಯಾಗಿತ್ತು, ಆಟಿಯ ನಂತರದ ಸೋಣ ತಿಂಗಳ ಬಿಸಿಲೂ ಇತ್ತು. ಅಂದರೆ ವೈರನ್ನು ತಿಂದದ್ದು ಮಳೆನೀರು ಆಗಿರಲಿಲ್ಲ. ಮೀನಿನ ಪೆಟ್ಟಿಗೆಯ ಐಸ್ ಕರಗಿ, ಉಪ್ಪುನೀರು ಬಾಡಿಯ ಹಲಗೆ ಸಂದಿಯಿಂದ ಚಾಸಿಗೆ (ಗಾಡಿಯ ಕಬ್ಬಿಣದ ಅಡಿಗಟ್ಟಿಗೆ) ಇಳಿಯುತ್ತದಲ್ಲ, ಅದು. ಮಳೆನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದೂ ಇಲ್ಲ, ಉಪ್ಪುನೀರಿನಲ್ಲಿ ಚೆನ್ನಾಗಿ ಹರಿಯುತ್ತದೆ. ಮೇಲಾಗಿ ಒಮ್ಮೆ ಕೂತ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ಹೇಗೆ ನೀರಾಗುತ್ತದೋ ಹಾಗೆ, ಜಾಯಿಂಟು ಒಣಗುವುದೇ ಇಲ್ಲ. ಇದು ತಿಳಿದ ಮೇಲೆ ಲೋಡ್ ಇಳಿಸಿದ ಕೂಡಲೇ ಗಾಡಿಯ ಹಿಂಬದಿಗೆ, ಚಾಸಿಗೆ, ಬಾವಿಯ ಸಿಹಿನೀರಿನ ಪೈಪ್ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡೆ. ಮಳೆಯಲ್ಲಿ ನೆನೆದ ಗಾಡಿಯನ್ನು ಮತ್ತೆ ಯಾಕೆ ತೊಳೆಯುವುದು ಎಂದು ಕ್ಲೀನರ್ ಹುಡುಗ ಕೇಳಿದ್ದ. ಚಾಸಿಯ ಒಳಬದಿಗೆ ಮಳೆ ತಲುಪುವುದಿಲ್ಲ, ಉಪ್ಪು ತಲುಪುತ್ತದೆ.

ಬೆಸುಗೆಯ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಮೀಟರಿನಲ್ಲಿ ಮೂರು ಸಲವೂ ಅದರದ್ದೇ ಒಳ್ಳೆಯ ಅಂಕಿ ಬರಬಹುದು ಎಂದುಕೊಂಡಿದ್ದೆ. ಎರಡು ಸಲ ಹಾಗೆಯೇ ಬಂತು. ಮೂರನೆಯ ಸಲ ನೋಡುವ ಮೊದಲೇ, ಆಗಸ್ಟ್ ಕೊನೆಯಲ್ಲಿ, ಎಡಗಡೆಯ ಇಂಡಿಕೇಟರ್ ಪೂರ್ತಿ ನಿಂತಿತು. ಬೆಸುಗೆ ಗಟ್ಟಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ ವೈರು ತುಂಡಾಗಿತ್ತು. ಬೆಸುಗೆಯ ಸೀಸ ಎಳೆಗಳೊಳಗೆ ಹರಿದು ಅಷ್ಟುದ್ದ ವೈರು ಕಡ್ಡಿಯಂತಾಗುತ್ತದೆ. ಕಡ್ಡಿ ಮುಗಿದು ಮೆತ್ತಗಿನ ವೈರು ಶುರುವಾಗುವ ಜಾಗದಲ್ಲೇ ಗಾಡಿಯ ನಡುಕವೆಲ್ಲ ಬಂದು ಬೀಳುತ್ತದೆ. ಮಲ್ಪೆಯಿಂದ ಮಂಗಳೂರಿಗೆ ಹೆದ್ದಾರಿ 66ರಲ್ಲಿ, ಸರ್ವಿಸ್ ರಸ್ತೆಯ ಹೊಂಡಗಳಲ್ಲಿ, ಅದು ಎಷ್ಟು ಸಲ ಬಾಗಿ ನೆಟ್ಟಗಾಗಿರಬಹುದು! ಡ್ಯಾಶ್‌ಬೋರ್ಡಿನ ಒಳಗೆ, ವೈರು ಅಲ್ಲಾಡದಂತೆ ಕಟ್ಟಿದ ಜಾಗದಲ್ಲಿ, ನಾನು ಈಗಲೂ ಬೆಸುಗೆಯನ್ನೇ ಹಾಕುತ್ತೇನೆ. ಚಾಸಿಯ ಕೆಳಗೆ ಇನ್ನು ಹಾಕುವುದಿಲ್ಲ.

ಕ್ರಿಂಪ್ ಮತ್ತು ಅಂಟಿನ ಸ್ಲೀವ್ ಗೆದ್ದಿತು. ಮೂರು ಸಲವೂ 0.05 ವೋಲ್ಟಿನೊಳಗೆ. ಆದರೆ ಇದನ್ನು ಹಾಕುವಾಗ ಒಂದು ಸಂಗತಿ ನೋಡಿ ಗಾಬರಿಯಾಯಿತು. ಹಳೆಯ ತುದಿ ಕತ್ತರಿಸಿ ಸಿಪ್ಪೆ ಸುಲಿದರೆ ಒಳಗೆ ಕಪ್ಪು. ಇನ್ನೊಂದಿಂಚು ಕತ್ತರಿಸಿದರೂ ಕಪ್ಪು. ಮತ್ತೂ ಕತ್ತರಿಸುತ್ತ ಹೋಗಿ ಒಂದು ಗೇಣು ಹಿಂದೆ ಸರಿದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ವೈರಿನ ಎಳೆಗಳು ಉಪ್ಪುನೀರನ್ನು ಸಿಪ್ಪೆಯೊಳಗೇ ಎಳೆದುಕೊಂಡು ಹೋಗುತ್ತವೆ. ಕಪ್ಪು ತಾಮ್ರದ ಮೇಲೆ ಎಷ್ಟು ಒಳ್ಳೆಯ ಜಾಯಿಂಟು ಹಾಕಿದರೂ ಪ್ರಯೋಜನವಿಲ್ಲ. ಹಿಂದಿನ ವರ್ಷಗಳಲ್ಲಿ ನನ್ನ ಕೆಲಸ ಬಾಳಿಕೆ ಬಾರದೆ ಹೋದದ್ದಕ್ಕೆ ಇದೇ ಕಾರಣ ಎಂದು ಈಗ ಅನಿಸುತ್ತದೆ. ವೈರು ಗಿಡ್ಡವಾಗುತ್ತದೆ ಎಂಬ ಆಸೆಬುರುಕುತನದಿಂದ ಅರ್ಧ ಇಂಚು ಮಾತ್ರ ಸುಲಿದು ಹೊಸೆಯುತ್ತಿದ್ದೆ. ಇನ್ನೊಂದು ವಿಷಯ, ಕ್ರಿಂಪನ್ನು ಸಾಧಾರಣ ಇಕ್ಕಳದಲ್ಲಿ ಒತ್ತಬೇಡಿ. ಅದಕ್ಕೆಂದೇ ಇರುವ ಟೂಲಿನಲ್ಲಿ ಒತ್ತಿ, ಕೈಯಲ್ಲಿ ಜೋರಾಗಿ ಎಳೆದು ನೋಡಿ. ಸ್ಲೀವಿಗೆ ಬಿಸಿ ಕೊಡುವಾಗ ಎರಡೂ ತುದಿಯಲ್ಲಿ ಅಂಟು ಹೊರಗೆ ಉಕ್ಕಿ ಕಾಣಬೇಕು. ಕಾಣದಿದ್ದರೆ ಅದು ಬರೇ ಮುಚ್ಚಳ.

ಕಪ್ಲರಿನದ್ದು ಎರಡನೇ ಸ್ಥಾನ. ಬಲ್ಬ್ ಹೋಲ್ಡರಿನಂತೆ ಆಗಾಗ ಬಿಚ್ಚಬೇಕಾದ ಕಡೆ ಅದೇ ಸರಿ, ಕ್ರಿಂಪ್ ಮಾಡಿ ಅಂಟಿಸಿದರೆ ಪ್ರತಿ ಸಲ ಕತ್ತರಿಸಬೇಕಾಗುತ್ತದೆ. ಇಲ್ಲಿ ಗ್ರೀಸ್ ಯಾವುದು ಎಂಬುದು ಮುಖ್ಯ. ಹಿಂದೊಮ್ಮೆ ಚಾಸಿ ಗ್ರೀಸನ್ನೇ ತುಂಬಿ ನೋಡಿದ್ದೇನೆ, ಮರಳು ಧೂಳು ಅಂಟಿ ಕೊನೆಗೆ ಮಣ್ಣಿನ ಉಂಡೆಯಾಗಿತ್ತು. ವ್ಯಾಸಲಿನ್ ಬ್ಯಾಟರಿ ಟರ್ಮಿನಲಿಗೆ ಒಳ್ಳೆಯದು, ಅಡುಗೆ ಸೋಡಾ ಕದಡಿದ ಬಿಸಿನೀರಿನಲ್ಲಿ ಬಿಳಿ ಪುಡಿ ತೊಳೆದು, ಒಣಗಿಸಿ, ಬಿಗಿ ಮಾಡಿದ ಮೇಲೆ ಸವರುತ್ತೇನೆ. ಇಂಜಿನ್ನಿನ ಹತ್ತಿರ ಮಾತ್ರ ಅದು ಕರಗಿ ಇಳಿದುಬಿಡುತ್ತದೆ. ಸಿಲಿಕೋನ್ ಗ್ರೀಸ್ ಬಿಸಿಗೂ ಅಲ್ಲಾಡಲಿಲ್ಲ, ನೀರಿಗೂ ಅಲ್ಲಾಡಲಿಲ್ಲ.

ಇನ್ನು ಬಾಡಿ ಅರ್ತ್, ಅಂದರೆ ಕರೆಂಟು ಗಾಡಿಯ ಕಬ್ಬಿಣದ ಮೂಲಕ ಬ್ಯಾಟರಿಗೆ ಮರಳುವ ದಾರಿ. ಜಾಯಿಂಟಿಗಿಂತ ಹೆಚ್ಚು ರಾತ್ರಿ ನನ್ನನ್ನು ನಿದ್ದೆಗೆಡಿಸಿದ್ದು ಇದು. ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗಿ ಹೊತ್ತುವುದು, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಜೊತೆಗೆ ಮಿಣುಕುವುದು, ನಿಮ್ಮ ಗಾಡಿಯಲ್ಲೂ ಹೀಗುಂಟಾದರೆ ಸ್ವಿಚ್ಚು, ಫ್ಲಾಶರ್ ಬದಲಾಯಿಸಿ ದುಡ್ಡು ಕಳೆಯಬೇಡಿ. ಅರ್ತ್ ತಪ್ಪಿದೆ ಎಂದೇ ಅರ್ಥ. ಬ್ಯಾಟರಿಗೆ ಮರಳುವ ದಾರಿ ಮುಚ್ಚಿದಾಗ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ಹೋಗುತ್ತದೆ. ಬ್ರೇಕ್ ತುಳಿದು ಹಿಡಿಸಿ, ಲೈಟಿನ ಅರ್ತಿಗೂ ಬ್ಯಾಟರಿ ಮೈನಸ್ಸಿಗೂ ಮೀಟರ್ ಇಟ್ಟಾಗ ನನ್ನದರಲ್ಲಿ 3 ವೋಲ್ಟು ದಾಟಿತ್ತು. ಹೆಚ್ಚೆಂದರೆ 0.2 ಇರಬೇಕಾದ ಜಾಗ ಅದು.

ಇಲ್ಲೂ ಎರಡು ದಾರಿ ಹಿಡಿದೆ. ಎಡಗಡೆ ಎಲ್ಲರೂ ಮಾಡುವಂತೆ ಬೋಲ್ಟ್ ಬಿಚ್ಚಿ, ಚಾಸಿಯ ಪೈಂಟು ತುಕ್ಕು ಕೆರೆದು, ಹೊಸ ಥಿಂಬಲ್ (ವೈರಿನ ತುದಿಯನ್ನು ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಹಾಕಿ ಬಿಗಿದೆ. ಬಲಗಡೆ 2.5 ಚದರ ಮಿಲಿಮೀಟರಿನ ವೈರನ್ನು ಲೈಟಿನಿಂದ ನೇರ ಬ್ಯಾಟರಿ ಮೈನಸ್ಸಿನವರೆಗೆ ಎಳೆದೆ. ಮೊದಲ ದಿನ ಎರಡೂ 0.1ರ ಆಸುಪಾಸು. ಜುಲೈ ಕೊನೆಗೆ ಎಡಗಡೆ 0.3, ಸೆಪ್ಟೆಂಬರಿಗೆ 0.9. ಬಲಗಡೆಯದು ಇದ್ದಲ್ಲೇ ಇತ್ತು. ಕೆರೆದು ಬಿಗಿಯುವುದಕ್ಕೆ ಅರ್ಧ ಗಂಟೆ ಸಾಕು, ವೈರು ಎಳೆಯುವುದಕ್ಕೆ ಒಂದು ಹಗಲು ಬೇಕು. ಆದರೂ ಹಳೆಯ ಚಾಸಿಯನ್ನು ನಂಬಿ ಅರ್ತ್ ಕೊಡುವುದನ್ನು ನಾನು ಬಿಟ್ಟೆ. ಅಕ್ಟೋಬರಿನಲ್ಲಿ ಎಡಗಡೆಗೂ ವೈರು ಎಳೆದಾಯಿತು.

ವೈರು ಎಳೆದ ಮೇಲೆ ಅದನ್ನು ಯಾವುದರೊಳಗೆ ಹಾಕುವುದು? ತೋಟಕ್ಕೆ ನೀರು ಬಿಡುವ ಹಳೆಯ ಹೋಸ್ ಪೈಪಿನೊಳಗೆ ತೂರಿಸಿ ಎರಡೂ ತುದಿಗೆ ಟೇಪ್ ಸುತ್ತಿದರೆ ನೀರು ಹೋಗುವುದಿಲ್ಲ ಎಂದು ಬಹಳ ಮಂದಿ ಮಾಡುತ್ತಾರೆ. ನಾನೂ ಮಾಡಿದ್ದೆ. ಆ ಪೈಪನ್ನು ಕತ್ತರಿಸಿದ ದಿನ ಅರ್ಧ ಲೋಟ ನೀರು ಚೆಲ್ಲಿತು. ಹಗಲು ಬಿಸಿಯಾಗಿ, ಮಳೆಗೆ ತಣ್ಣಗಾಗಿ, ಪೈಪು ಉಸಿರಾಡುತ್ತದೆ. ಸಣ್ಣ ಸಂದಿ ಇದ್ದರೂ ನೀರನ್ನು ಒಳಗೆಳೆದುಕೊಳ್ಳುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇಲ್ಲ. ಈಗ ಉದ್ದಕ್ಕೆ ಸೀಳಿದ ಸುಕ್ಕಿನ ಪ್ಲಾಸ್ಟಿಕ್ ಪೈಪು, ಸೀಳು ಕೆಳಮುಖವಾಗಿ. ಲೈಟಿನೊಳಗೆ ಹೋಗುವ ಮುಂಚೆ ವೈರನ್ನು ಸ್ವಲ್ಪ ಕೆಳಗೆ ಜೋಲು ಬಿಟ್ಟು ಮೇಲಕ್ಕೆ ತಿರುಗಿಸುತ್ತೇನೆ. ವೈರಿನ ಮೇಲೆ ಹರಿದು ಬರುವ ನೀರು ಆ ಜೋಲಿನ ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಇದಕ್ಕೆ ಖರ್ಚಿಲ್ಲ, ನಾನು ಮಾಡಿದ ಎಲ್ಲ ಕೆಲಸಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ನಮ್ಮ ಕರಾವಳಿಯ ಮಳೆಯನ್ನು ಮುಚ್ಚಿ ಗೆಲ್ಲಲು ಆಗದು, ಇಳಿದು ಹೋಗುವ ದಾರಿ ಮಾಡಿಕೊಡಬೇಕು.

ಹೆಡ್‌ಲೈಟಿನದ್ದು ಚುಟುಕಾಗಿ ಹೇಳುತ್ತೇನೆ. 60 ವ್ಯಾಟಿನ ಎರಡು ಬಲ್ಬು ಎಂದರೆ 10 ಆಂಪಿಯರು, ಅಷ್ಟೂ ಹಳೆಯ ಸ್ವಿಚ್ಚಿನೊಳಗಿಂದ ಹೋಗುತ್ತಿತ್ತು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು) ಹಾಕಿ, ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಕೊಟ್ಟ ಮೇಲೆ ಪಡುಬಿದ್ರಿಯ ಜೋರು ಮಳೆಯಲ್ಲೂ ರಸ್ತೆಯ ಬಿಳಿ ಗೆರೆ ಕಾಣುತ್ತದೆ. ರಿಲೇಯ ಕಾಲುಗಳು ಕೆಳಮುಖವಾಗಿರಲಿ. ನೀರು ಓಡಿಸುವ ಸ್ಪ್ರೇ ಹೊಡೆಯುವವರುಂಟು. ನೆಂದ ಕಪ್ಲರನ್ನು ಆ ಹೊತ್ತಿಗೆ ಒಣಗಿಸುತ್ತದೆ, ವಾರ ಕಳೆದರೆ ಅದರ ಗುರುತೂ ಉಳಿಯುವುದಿಲ್ಲ. ಫ್ಯೂಸಿಗೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಉರಿಯಬೇಕಾದ ಫ್ಯೂಸ್ ಉರಿಯದಿದ್ದರೆ ವೈರು ಉರಿಯುತ್ತದೆ, ಮೇಲೆ ಕೂತಿರುವುದು ನೀವು ಮತ್ತು ನಿಮ್ಮ ಕ್ಲೀನರ್.

ಟೇಪನ್ನು ಇಷ್ಟೆಲ್ಲ ದೂರಿದರೂ ಸೀಟಿನಡಿಯ ಡಬ್ಬಿಯಲ್ಲಿ ಎರಡು ಸುರುಳಿ ಈಗಲೂ ಉಂಟು. ರಾತ್ರಿ ಎರಡು ಗಂಟೆಗೆ, ಮುಲ್ಕಿ ಸೇತುವೆಯ ಈಚೆ, ಗಾಳಿಮಳೆಯಲ್ಲಿ ಬ್ರೇಕ್ ಲೈಟ್ ಹೋದರೆ ಸ್ಲೀವಿಗೆ ಬಿಸಿ ಕೊಡಲು ಲೈಟರ್ ಹೊತ್ತುವುದೇ ಇಲ್ಲ. ಆಗ ಹೊಸೆದು, ಕೆಳಗಿನಿಂದ ಮೇಲಕ್ಕೆ ಟೇಪ್ ಸುತ್ತಿ, ಮಂಗಳೂರಿನ ಧಕ್ಕೆಗೆ, ಅಂದರೆ ಮೀನಿನ ಬಂದರಿಗೆ, ಮೀನು ಮುಟ್ಟಿಸುತ್ತೇನೆ. ಲೋಡ್ ಇಳಿಯುವಷ್ಟರಲ್ಲಿ ಬೆಳಕಾಗಿರುತ್ತದೆ, ಊರಿಗೆ ಹೊರಡುವ ಮೊದಲು ಆ ಟೇಪನ್ನು ಕತ್ತರಿಸಿ ಬಿಸಾಡಿ ಕ್ರಿಂಪ್ ಮಾಡುತ್ತೇನೆ.