ನೆನೆದ ಮೇಲೂ ನಿಲ್ಲಬೇಕಾದ ಇಟ್ಟಿಗೆ: ಚಿತ್ರದುರ್ಗದ ಮಣ್ಣಿನ ಇಟ್ಟಿಗೆ ಘಟಕವೊಂದರ ವಿಮರ್ಶೆ

ಚಿತ್ರದುರ್ಗ ನಗರದ ಹೊರವಲಯದಲ್ಲಿ ಸಿಮೆಂಟ್ ಬೆರೆಸಿದ ಮಣ್ಣನ್ನು ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿಕೊಡುವ, ಬೇಕೆಂದವರಿಗೆ ತಮ್ಮದೇ ಗಾರೆ ಕೆಲಸದವರನ್ನು ಕಳಿಸಿ ಗೋಡೆಯನ್ನೂ ಕಟ್ಟಿಕೊಡುವ ಸಣ್ಣ ಘಟಕವೊಂದಿದೆ. ನಮ್ಮ ಮನೆಯ ಗೋಡೆಗಳೆಲ್ಲ ಅಲ್ಲಿಯ ಇಟ್ಟಿಗೆಯಿಂದಲೇ ಎದ್ದವು. ಬೇಸಿಗೆ, ಮಳೆಗಾಲ ಎರಡನ್ನೂ ಆ ಗೋಡೆಗಳ ನಡುವೆ ಕಳೆದ ಮೇಲೆ ಬರೆಯುತ್ತಿರುವ ಈ ವಿಮರ್ಶೆಯಲ್ಲಿ ಇಟ್ಟಿಗೆಯ ಗುಣವನ್ನೂ ಅದನ್ನು ಮಾಡಿಕೊಟ್ಟವರ ಸೇವೆಯನ್ನೂ ಬೇರೆ ಬೇರೆಯಾಗಿ ತೂಗುವುದು ಅಗತ್ಯವೆನಿಸಿದೆ. ಏಕೆಂದರೆ ಇಟ್ಟಿಗೆಯ ಹಿಂದಿರುವ ಸಂಶೋಧನೆ ಬಹಳ ಗಟ್ಟಿಯಾದದ್ದು, ಸೇವೆ ಮಾತ್ರ ಎಲ್ಲ ಕಡೆ ಅಷ್ಟು ಗಟ್ಟಿಯಾಗಿಲ್ಲ.

ಸಂಶೋಧನೆಯ ಮಾತು ಮೊದಲು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾಗಿ ‘ಅಸ್ತ್ರ’ ಎಂದು ಹೆಸರಾದ, ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿರುವ ವಿಭಾಗದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಸುಡದ ಇಟ್ಟಿಗೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಇವರಿಬ್ಬರೂ 2003ರಲ್ಲಿ ಪ್ರಕಟಿಸಿದ ಪ್ರಬಂಧದ ಲೆಕ್ಕದಂತೆ, ಸುಟ್ಟ ಇಟ್ಟಿಗೆಯ ಒಂದು ಘನ ಮೀಟರ್ ಗೋಡೆಗೆ ಸುಮಾರು 2,140 ಮೆಗಾಜೂಲ್ ಶಕ್ತಿ ವ್ಯಯವಾದರೆ, ಶೇ. 6ರಷ್ಟು ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆಯ ಅಷ್ಟೇ ಗೋಡೆಗೆ ಸುಮಾರು 650 ಮೆಗಾಜೂಲ್ ಸಾಕಾಗುತ್ತದೆ. ಗೂಡು ಹಚ್ಚಿ ಸೌದೆ ಅಥವಾ ಕಲ್ಲಿದ್ದಲು ಉರಿಸುವ ಕೆಲಸವೇ ಇಲ್ಲದಿರುವುದು ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಉಳಿದ ಹೊರೆಯಲ್ಲಿ ದೊಡ್ಡ ಪಾಲು ಸಿಮೆಂಟಿನದು. ಸಿಮೆಂಟ್ ತಯಾರಿಸಲು ಸುಣ್ಣಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುವುದರಿಂದ, ಕಾರ್ಖಾನೆ ಯಾವ ಇಂಧನ ಬಳಸಿದರೂ ಆ ಭಾಗ ತಪ್ಪುವುದಿಲ್ಲ. ಆದ್ದರಿಂದ ‘ಗಟ್ಟಿಯಾಗಲಿ’ ಎಂದು ಸಿಮೆಂಟನ್ನು ಶೇ. 12ಕ್ಕೋ 15ಕ್ಕೋ ಏರಿಸುವ ಘಟಕದಿಂದ ಮಣ್ಣಿನ ಇಟ್ಟಿಗೆ ಕೊಂಡು ಪರಿಸರಕ್ಕೆ ಉಪಕಾರ ಮಾಡಿದೆವೆಂದುಕೊಳ್ಳುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ನಾವು ಹೋದ ಘಟಕದವರು ಈ ವಿಷಯದಲ್ಲಿ ಪ್ರಾಮಾಣಿಕರು. ಶೇ. 7ರಿಂದ 8ರ ಮಿತಿಯನ್ನು ಅವರು ದಾಟಲಿಲ್ಲ, ಮಣ್ಣಿನ ಆಯ್ಕೆಯಲ್ಲಂತೂ ನಮ್ಮ ಮಾತನ್ನು ಕೇಳಲೇ ಇಲ್ಲ. ನಮ್ಮ ಹೊಲದ ಮಣ್ಣನ್ನೇ ಬಳಸಿದರೆ ಸಾಗಣೆ ಉಳಿಯುತ್ತದೆಂಬುದು ನಮ್ಮ ಲೆಕ್ಕವಾಗಿತ್ತು. ಅಲ್ಲಿಯ ಮೇಸ್ತ್ರಿ ಒಂದು ಹಿಡಿ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದು ಎರೆ ಸರ್, ಬ್ಯಾಡ್ರಿ. ನೀರು ಕುಡಿದ್ರೆ ಉಬ್ತದೆ, ಒಣಗಿದ್ರೆ ಬಿರಿತದೆ” ಎಂದವರೇ ಚೀಲವನ್ನು ವಾಪಸು ಕೊಟ್ಟರು. ಅವರ ಮಾತಿಗೆ ಪ್ರಯೋಗಾಲಯದ ಆಧಾರವೂ ಇದೆ. ಎರೆ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೆಚ್ಚಿರುತ್ತದೆ. ನೀರು ತಗುಲಿದರೆ ಹಿಗ್ಗುವ ಆ ಗುಣವನ್ನು ಸಿಮೆಂಟ್ ಒಂದೇ ಹಿಡಿದಿಡಲಾರದು, ಸುಣ್ಣ ಬೇಕಾಗುತ್ತದೆ. ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಕಂಡುಬರುವ ಕಯೋಲಿನೈಟ್‌ಗೆ ಅಂಥ ಹಠವಿಲ್ಲ. ಅದರಲ್ಲಿಯೂ ಮರಳಿನ ಅಂಶ ಮೂರರಲ್ಲಿ ಎರಡು ಪಾಲಿನಷ್ಟು, ಜೇಡಿ ಶೇ. 10ರಿಂದ 15ರ ಆಸುಪಾಸಿನಲ್ಲಿ ಇದ್ದರೆ ಇಟ್ಟಿಗೆಗೆ ಹದವೆನ್ನುತ್ತಾರೆ.

ಪರೀಕ್ಷೆ ಮಾಡಿದ ಬಗೆಯನ್ನು ನೋಡುವುದೇ ಒಂದು ಪಾಠವಾಗಿತ್ತು. ಜರಡಿ ಹಿಡಿದ ಮಣ್ಣನ್ನು ಅಗಲ ಬಾಯಿಯ ಗಾಜಿನ ಸೀಸೆಗೆ ಮೂರನೇ ಒಂದು ಭಾಗ ತುಂಬಿ, ನೀರೂ ಚಿಟಿಕೆ ಉಪ್ಪೂ ಹಾಕಿ ಚೆನ್ನಾಗಿ ಕುಲುಕಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರಿತು, ಅದರ ಮೇಲೆ ನವಿರಾದ ಹೂಳು ಕೂತಿತು, ಜೇಡಿ ಮಾತ್ರ ಕದಡಿದ ನೀರಿನಲ್ಲೇ ತೇಲುತ್ತಿದ್ದು ಮರುದಿನದ ಹೊತ್ತಿಗೆ ತೆಳುವಾದ ಪದರವಾಗಿ ಮೇಲೆ ನಿಂತಿತು. ಸೀಸೆಯ ಹೊರಗೆ ಅಳತೆಪಟ್ಟಿ ಹಿಡಿದು ಮೂರೂ ಪದರಗಳನ್ನು ಅಳೆದು ವಹಿಯಲ್ಲಿ ಬರೆದುಕೊಂಡರು. ಮಣ್ಣು ಕಲಸುವಾಗ ನೀರಿನ ಹದ ನೋಡುವುದೂ ಹೀಗೆಯೇ ಸರಳ: ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡುತ್ತಾರೆ, ಚಪ್ಪಟೆಯಾಗಿ ಅಂಟಿದರೆ ನೀರು ಹೆಚ್ಚು, ಪುಡಿಪುಡಿಯಾದರೆ ಕಡಿಮೆ, ನಾಲ್ಕೈದು ಹೆಂಟೆಯಾಗಿ ಒಡೆದರೆ ಸರಿ. ಇಷ್ಟು ಶ್ರದ್ಧೆಯಿಂದ ಕೆಲಸ ಮಾಡುವವರು ಕಾಗದಪತ್ರದ ವಿಷಯದಲ್ಲಿ ಏಕೆ ಎಡವುತ್ತಾರೋ ತಿಳಿಯದು.

ನಮ್ಮ ಮುಖ್ಯ ತಕರಾರು ಇರುವುದೇ ಅಲ್ಲಿ. ಇಟ್ಟಿಗೆಯ ಜೊತೆಗೆ ಕೊಟ್ಟ ಪರೀಕ್ಷಾ ವರದಿಯಲ್ಲಿ ಒಣಗಿದ ಇಟ್ಟಿಗೆ ಎಷ್ಟು ಭಾರ ತಡೆಯುತ್ತದೆ ಎಂಬುದೊಂದೇ ಇತ್ತು. ಮಣ್ಣಿನ ಇಟ್ಟಿಗೆಯ ಮಟ್ಟಿಗೆ ಆ ಅಂಕಿಯನ್ನು ನಂಬಿ ಮನೆ ಕಟ್ಟುವಂತಿಲ್ಲ. ಪೂರ್ತಿ ನೆನೆದಾಗ ಇದರ ಬಲ ಒಣಗಿದ್ದಾಗಿನ ಅರ್ಧಕ್ಕೆ ಇಳಿಯುವುದುಂಟು, ಕೆಲವೊಮ್ಮೆ ಇನ್ನೂ ಕೆಳಕ್ಕೆ. ಇಟ್ಟಿಗೆಯನ್ನು ನೀರಿನಲ್ಲಿ ಮುಳುಗಿಸಿಟ್ಟು ತೆಗೆದು ಒತ್ತಿ ನೋಡಿದಾಗ ಬರುವ ಬಲವೇ ಲೆಕ್ಕಕ್ಕೆ ಬರುವಂಥದ್ದು. ಅದು 3ರಿಂದ 4 ಮೆಗಾಪಾಸ್ಕಲ್ (ಒತ್ತಡ ತಡೆಯುವ ಬಲದ ಅಳತೆ) ಇದ್ದರೆ ಎರಡು ಅಂತಸ್ತಿನ ಸಾಧಾರಣ ಮನೆಗೆ ಸಾಕು. ನಾವು ಪಟ್ಟು ಹಿಡಿದ ಮೇಲೆ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಆ ಪರೀಕ್ಷೆಯನ್ನು ಮಾಡಿಸಿಕೊಟ್ಟರು, ಫಲಿತಾಂಶವೂ ತೃಪ್ತಿಕರವಾಗಿಯೇ ಬಂತು. ಆದರೆ ಗಿರಾಕಿ ಕೇಳದಿದ್ದರೆ ಇದು ನಡೆಯುವುದಿಲ್ಲ ಎಂಬುದು ಒಪ್ಪತಕ್ಕ ಮಾತಲ್ಲ. “ದುರ್ಗದಾಗೆ ಮಳೆ ಎಲ್ಲೈತೆ ಸರ್” ಎಂಬುದು ಅವರ ಸಮಜಾಯಿಷಿ.

ಮಳೆ ಎಲ್ಲಿದೆ ಎಂದು ಕೇಳುವ ಕಾಲ ಮುಗಿಯುತ್ತಿದೆ. 1907ರಲ್ಲಿ ಕಟ್ಟಿ ಮುಗಿಸಿದ, ಇದೇ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ. ಅದರ ಮುಂದಿನ ಕೋಡಿಗೆ 2025ರ ಜನವರಿಯವರೆಗೆ ಮಾತ್ರ ಕಾಯಬೇಕಾಯಿತು. ಭದ್ರಾ ನೀರು ಹರಿದು ಬಂದದ್ದೂ ಇದಕ್ಕೆ ಒಂದು ಕಾರಣವೆಂಬುದು ನಿಜ, ಹಾಗಾಗಿ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಬೇಕಾಗಿಲ್ಲ. ಆದರೂ ಗಾಳಿ ಒಂದು ಡಿಗ್ರಿ ಬಿಸಿಯೇರಿದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ಅದು ಸುರಿದಾಗ ಒಮ್ಮೆಲೇ ಸುರಿಯುವ ಸಾಧ್ಯತೆ ಹೆಚ್ಚು ಎಂಬುದು ಭೌತಶಾಸ್ತ್ರದ ಮಾತು. ಜಡಿಮಳೆ ಹಿಡಿದ ವಾರಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಮೊದಲು ಕುಸಿಯುವುದು ಕರಲು ಮಣ್ಣಿನ ಹಳೆಯ ಮಾಳಿಗೆ ಮನೆಗಳೇ. ಬರಗಾಲದ ಜಿಲ್ಲೆಯಲ್ಲಿ ಮಾರುವ ಇಟ್ಟಿಗೆಯನ್ನು ನೀರಿನಲ್ಲಿ ಮುಳುಗಿಸಿ ಪರೀಕ್ಷಿಸುವುದು ಅತಿ ಎಚ್ಚರಿಕೆಯೆಂದು ನನಗಂತೂ ಅನಿಸುವುದಿಲ್ಲ. ಕೊಳ್ಳುವವರು ತಾವೇ ಮಾಡಬಹುದಾದ ಒಂದು ಕೆಲಸವೂ ಇದೆ: ರಾಶಿಯ ನಡುವಿನಿಂದ ಎಳೆದ ಇಟ್ಟಿಗೆಯೊಂದನ್ನು ಬಕೆಟ್ ನೀರಿನಲ್ಲಿ ಒಂದು ದಿನ ಮುಳುಗಿಸಿಟ್ಟು, ಆಮೇಲೆ ಮೊಳೆಯಿಂದ ಅಂಚನ್ನು ಕೆರೆಯುವುದು. ಗೆರೆ ಮೂಡಿದರೆ ಚಿಂತೆಯಿಲ್ಲ, ಅಂಚೇ ಕಳಚಿ ಬಂದರೆ ಆ ರಾಶಿ ಬೇಡ.

ನಮಗೆ ಬಂದ ಲಾರಿಗಳಲ್ಲಿ ಒಂದರ ಇಟ್ಟಿಗೆಗಳು ಹೀಗೆ ಕಳಚಿದವು. ಒತ್ತಿದ ಇಟ್ಟಿಗೆಯನ್ನು ಗೋಣಿತಟ್ಟು ಹೊದಿಸಿ ಮೂರು–ನಾಲ್ಕು ವಾರ ತೇವ ಆರದಂತೆ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ತಡವಾದ ದಿನಗಳಲ್ಲಿ ಅದು ತಪ್ಪಿತ್ತು. ಸ್ವಲ್ಪ ವಾಗ್ವಾದದ ನಂತರ ಬದಲಾಯಿಸಿ ಕೊಟ್ಟರು.

ಗೋಡೆ ಕಟ್ಟಿದ ಕೆಲಸಕ್ಕೆ ಪೂರ್ಣ ಅಂಕ ಕೊಡಬಹುದು. 230 × 190 × 100 ಮಿಲಿಮೀಟರ್ ಅಳತೆಯ, ಎಂಟು ಕಿಲೋ ಆಸುಪಾಸು ತೂಗುವ ಇಟ್ಟಿಗೆಗಳು ಒಂದೇ ಗಾತ್ರದಲ್ಲಿದ್ದುದರಿಂದ ಸಾಲುಗಳು ನೂಲು ಹಿಡಿದಂತೆ ನೇರವಾಗಿವೆ. ಸಿಮೆಂಟ್, ಮಣ್ಣು, ಮರಳು ಬೆರೆಸಿದ ಗಾರೆಯನ್ನೇ ಬಳಸಿದರು. ಮಣ್ಣು ಬೆರೆತ ಗಾರೆ ಈ ಇಟ್ಟಿಗೆಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ ಎಂಬುದು ಸಂಶೋಧನೆಯಲ್ಲೂ ಕಂಡ ಸಂಗತಿ. ಬಿಡಿ ಇಟ್ಟಿಗೆಯ ಬೆಲೆ ಸುಟ್ಟ ಇಟ್ಟಿಗೆಗಿಂತ ಹೆಚ್ಚಾದರೂ ಒಂದು ಇಟ್ಟಿಗೆ ಎರಡಕ್ಕಿಂತ ಹೆಚ್ಚು ಸುಟ್ಟ ಇಟ್ಟಿಗೆಯ ಜಾಗ ತುಂಬುತ್ತದೆ, ಹೊರಗೋಡೆಗೆ ಗಿಲಾವಿನ ಖರ್ಚೂ ಇಲ್ಲ. ಮನೆಗೆ ಬಂದ ನೆಂಟರು “ಗಿಲಾವು ಯಾವಾಗ ಮಾಡಿಸ್ತೀರಿ?” ಎಂದು ಕೇಳುವುದನ್ನು ಮಾತ್ರ ಸಹಿಸಿಕೊಳ್ಳಬೇಕು. ವಿದ್ಯುತ್ ಕೊಳವೆಗಳು ಎಲ್ಲೆಲ್ಲಿ ಹಾಯಬೇಕೆಂಬುದನ್ನು ಗೋಡೆ ಏಳುವ ಮೊದಲೇ ನಿರ್ಧರಿಸುವುದು ಒಳಿತು, ಕಟ್ಟಿದ ಮೇಲೆ ಕೊರೆಯಹೊರಟರೆ ಅಂದವೂ ಹೋಗುತ್ತದೆ, ಇಟ್ಟಿಗೆಯೂ ಒಡೆಯುತ್ತದೆ.

ಘಟಕದ ಕರಪತ್ರದಲ್ಲಿ ‘ಎಸಿ ಬೇಕಿಲ್ಲದ ಮನೆ’ ಎಂದಿದೆ. ಇದು ಅರ್ಧ ಸತ್ಯ. ದಪ್ಪ ಗೋಡೆ ಹಗಲಿನ ಕಾವನ್ನು ನಿಧಾನವಾಗಿ ಒಳಗೆ ಬಿಡುವುದರಿಂದ ಮಧ್ಯಾಹ್ನದ ಹೊತ್ತು ತಂಪೆನಿಸುವುದು ನಿಜವಾದರೂ, ಒಂದಂತಸ್ತಿನ ಮನೆಗೆ ಬಿಸಿಲಿನ ಹೊಡೆತ ಹೆಚ್ಚಾಗಿ ಬೀಳುವುದು ತಾರಸಿಯ ಮೇಲೆ, ಅದನ್ನು ಮಣ್ಣಿನ ಗೋಡೆ ತಡೆಯಲಾರದು. ಸಾಧಾರಣ ಆರ್‌ಸಿಸಿ ತಾರಸಿ ಹಾಕಿಸಿದವರಿಗೆ ಏಪ್ರಿಲ್ ರಾತ್ರಿಗಳಲ್ಲಿ ಇದು ಅನುಭವಕ್ಕೆ ಬರುತ್ತದೆ. ತಾರಸಿಗೆ ಸುಣ್ಣ ಬಳಿಯುವುದು, ಕಾಂಕ್ರೀಟಿನ ಕೆಳಭಾಗದಲ್ಲಿ ಮಂಗಳೂರು ಹೆಂಚು ಹುದುಗಿಸಿ ತಾರಸಿ ಹಾಕುವುದು, ರಾತ್ರಿ ಎದುರುಬದುರು ಕಿಟಕಿ ತೆರೆದಿಡುವುದು ಇವೆಲ್ಲ ಸೇರಿದರೆ ಮಾತ್ರ ಕರಪತ್ರದ ಮಾತು ಉಳಿಯುತ್ತದೆ. ಇದನ್ನು ಹೇಳಿಕೊಡುವ ಎಂಜಿನಿಯರ್ ಘಟಕದಲ್ಲಿಲ್ಲ. ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಇಂಥ ಘಟಕಗಳ ಮೇಸ್ತ್ರಿಗಳಿಗೆ ಅಲ್ಲೊಂದು ತರಬೇತಿ ಸಿಗುವಂತಾದರೆ ಒಳ್ಳೆಯದಿತ್ತು.

ಕೆಂಪು ಮಣ್ಣು ಹತ್ತಿರದಲ್ಲೇ ಸಿಗುವ, ಒಂದೆರಡು ಅಂತಸ್ತಿನ ಮನೆ ಕಟ್ಟುವವರಿಗೆ ಈ ಘಟಕವನ್ನು ಧಾರಾಳವಾಗಿ ಸೂಚಿಸುತ್ತೇನೆ. ಐದಕ್ಕೆ ನಾಲ್ಕು ಅಂಕ. ನಿವೇಶನದಲ್ಲಿ ನೀರು ನಿಲ್ಲುವಂತಿದ್ದರೆ ಕಲ್ಲಿನ ಪಾಯವನ್ನು ನೆಲದಿಂದ ಎರಡಡಿಯಾದರೂ ಎತ್ತರಿಸಿ, ತಾರಸಿಯ ಅಂಚನ್ನು ಗೋಡೆಯಿಂದ ಹೊರಕ್ಕೆ ಚಾಚಿಸಬೇಕು, ಅದಕ್ಕೆ ಒಪ್ಪದವರು ಬೇರೆ ಇಟ್ಟಿಗೆ ನೋಡುವುದು ವಾಸಿ. ದೀಪಾವಳಿಯ ಹೊತ್ತಿಗೆ ಮುಂಗಡ ಕೊಟ್ಟರೆ ಅಗೆಯಲು ಮಣ್ಣೂ ಹದವಾಗಿರುತ್ತದೆ, ಇಟ್ಟಿಗೆಗೆ ಹೊಡೆಯಲು ನೀರೂ ಇರುತ್ತದೆ. ಶಿವರಾತ್ರಿ ಕಳೆದ ಮೇಲೆ ಹೋದವರಿಗೆ ಟ್ಯಾಂಕರ್ ನೀರಿನ ಹಣವನ್ನು ಬಿಲ್ಲಿನಲ್ಲಿ ಬೇರೆಯಾಗಿ ಸೇರಿಸುತ್ತಾರೆ, ಅದು ಎಷ್ಟೆಂದು ಮೊದಲೇ ಬರೆಸಿಕೊಳ್ಳಿ.